ಎಂಬತ್ತೆರಡೂವರೆ

ಬೈತಖೋಲದ ಧಕ್ಕೆಯಲ್ಲಿ ಬೆಳಗಿನ ಐದಕ್ಕೆ
ನಾನು ತೂಗುವವನು.
ಬಂಗಡೆ, ತಾರಲೆ, ಅದೃಷ್ಟವಿದ್ದರೆ ಇಸವಾಣ.
ಬುಟ್ಟಿ ಇಟ್ಟ ಕೂಡಲೆ ಮುಳ್ಳು ಹೌಹಾರಿ ಓಡುತ್ತದೆ,
ಹಿಂದೆ ಬರುತ್ತದೆ, ನಡುಗುತ್ತದೆ, ನಿಲ್ಲುತ್ತದೆ.
ನಾನು ಕೂಗುತ್ತೇನೆ. ಬಸ್ತ್ಯಾಂವ ಬರೆದುಕೊಳ್ಳುತ್ತಾನೆ.

ಸಂಜೆ ಏಳಕ್ಕೆ ಕಾಜುಬಾಗದ ಟಯರ್ ಅಂಗಡಿಯ ಮಾಳಿಗೆಯಲ್ಲಿ
ಅಂಥದೇ ಮುಳ್ಳು, ನನ್ನ ಕಾಲಡಿಗೆ.
ಕೂಗುವುದಿಲ್ಲ. ಯಾರೂ ಬರೆದುಕೊಳ್ಳುವುದಿಲ್ಲ.
ಎಂಬತ್ತೆರಡೂವರೆ.
ಐದು ವಾರದಿಂದ ಎಂಬತ್ತೆರಡೂವರೆ.
ಉಂಡು ನಿಂತರೂ ಅಷ್ಟೇ, ಹೇತು ನಿಂತರೂ ಅಷ್ಟೇ.
ಬುಟ್ಟಿಯಡಿ ಹೆಬ್ಬೆರಳು ಒತ್ತಿದರೆ ಅರ್ಧ ಕಿಲೋ ಹುಟ್ಟುತ್ತದೆ, ಬಲ್ಲೆ.
ನನ್ನಡಿ ಒತ್ತುವ ಹೆಬ್ಬೆರಳು ಯಾರದು?

ಶುರುವಿಗೆ ಹೀಗಿರಲಿಲ್ಲ.
ಪೋಳೆಯ ಗಡಿ ದಾಟಿ, ರೋಹಿದಾಸನ ಸ್ಕೂಟರಿನ ಸೀಟಿನಡಿ
ಬಂದ ಆ ಎಣ್ಣೆಯಂಥ ಮದ್ದು
ಸೊಂಟಕ್ಕಿಳಿದ ಮೂರನೇ ವಾರ
ಅಂಗಿಯ ಗುಂಡಿ ಕಿತ್ತು ಹುಮಣದ ಬಟ್ಟಲಿಗೆ ಬಿತ್ತು.
ಆಯಿ ನಕ್ಕಳು: ಮೈಕೈ ತುಂಬಿಕೊಂಡ ನನ್ನ ಮಗ.
ಧಕ್ಕೆಯ ಹುಡುಗರು ತೋಳು ಮುಟ್ಟಿ ನೋಡಿದರು,
ದೋಣಿಗೆ ಬಂದ ಹೊಸ ಇಂಜಿನ್ನು ಮುಟ್ಟುವ ಹಾಗೆ.

ಶೇವಂತಿ ಮೌಶಿ ಮಾತ್ರ
ಮೀನಿನ ಹೊಟ್ಟೆ ಒತ್ತುವ ಬೆರಳಿನಲ್ಲೇ ನನ್ನ ಮೊಣಕಾಲ ಕೆಳಗೆ ಒತ್ತಿದಳು.
ಒತ್ತಿದಲ್ಲಿ ಗುಳಿ. ಗುಳಿ ತುಂಬಲು ಹೊತ್ತು ಹಿಡಿಯಿತು.
'ಐಸಿನ ನೀರು ಮಾರಾಯಾ ಇದು,' ಅಂದಳು,
'ಮಧ್ಯಾಹ್ನದೊಳಗೆ ಸೋರಿಹೋಗುವ ತೂಕಕ್ಕೆ
ನಾ ದುಡ್ಡು ಕೊಡುವವಳಲ್ಲ.'

ರೋಹಿದಾಸ ಹೇಳುತ್ತಾನೆ: ಏರಿಸು.
ಮೈಗೆ ಮದ್ದು ಹಳತಾಯಿತು, ಇನ್ನೊಂದು ಸೇರಿಸು.
ಅವನ ಕಿಸೆಯಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರ, ಅದಕ್ಕೂ ದರವಿದೆ.
ಶೀಶೆಯೊಳಗೆ ಅಸಲಿಯೋ ಅಡುಗೆ ಎಣ್ಣೆಯೋ
ಸದಾಶಿವಗಡದ ದೇವಿಗೇ ಗೊತ್ತು.

ನಿದ್ದೆ ಬಾರದೆ ನಾನೇ ಲೆಕ್ಕ ಹಾಕುತ್ತೇನೆ
(ಬಾರದ ನಿದ್ದೆಯೂ ಲೆಕ್ಕದಲ್ಲಿ ಬರುತ್ತದೆ).
ಎಪ್ಪತ್ತರ ಮೈ ಬೆಳೆಯಲು ಹನ್ನೆರಡು ಮೊಟ್ಟೆ ಸಾಕಿತ್ತು.
ಎಂಬತ್ತೆರಡೂವರೆಗೆ ಅದೇ ಹನ್ನೆರಡು
ಇದ್ದಲ್ಲಿ ಇರುವುದಕ್ಕೇ ಖರ್ಚು.
ದೊಡ್ಡ ದೋಣಿ ಹರಿವಿಗೆದುರು ಸುಮ್ಮನೆ ನಿಲ್ಲಲಿಕ್ಕೂ ಡೀಸೆಲ್ ಕುಡಿಯುತ್ತದೆ,
ಅಪ್ಪ ಹೇಳುತ್ತಿದ್ದ. ಅವನು ಹೇಳಿದ್ದು ದೋಣಿಯ ಬಗ್ಗೆ.
ಮೊಟ್ಟೆಯ ರೇಟು ಏಳಾಗಿದೆ. ನನ್ನ ಕೂಲಿ ಹೋದ ವರ್ಷದ್ದೇ.

ರಕ್ತದ ಚೀಟಿ ಬಂತು.
ಲ್ಯಾಬಿನ ಹುಡುಗಿ ಎರಡು ಮಡಿಕೆ ಮಡಿಚಿ, ಮತ್ತೊಂದು ಮಡಿಚಿ,
ಡಾಕ್ಟರಿಗೆ ತೋರಿಸಿ ಅಂದಳು, ಮೇಜಿನ ಕಡೆ ನೋಡಿ.

ಹೊರಗಿನ ಲಾರಿಯಲ್ಲಿ ಅಗ್ಗದ ಐಸು ಬರತೊಡಗಿದ ಮೇಲೆ
ನಮ್ಮ ಧಕ್ಕೆಯ ಐಸ್ ಫ್ಯಾಕ್ಟರಿ ಬಾಗಿಲು ಹಾಕಿತಲ್ಲ,
ನನ್ನೊಳಗಿನದೂ ಹಾಗೇ ಮುಚ್ಚಿದೆಯಂತೆ.
ಲಾರಿ ನಿಂತ ದಿನ?
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
ತೆರೆಯಬಹುದು ಅಂದರು. ತಡವಾಗಿ.
ಎಷ್ಟು ತಡ ಅನ್ನಲಿಲ್ಲ.

ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವಲ್ಲಿ,
ಒಂದು ಗಳಿಗೆ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.
ತೆಂಗಿನ ಚಿಪ್ಪು ತೇಲಿಬಿಟ್ಟರೆ ಅಲ್ಲೇ ಗಿರಗಿರ.
ಬೀಡಿ ಹಚ್ಚುವ ಹೊತ್ತು ಅನ್ನುತ್ತಾನೆ ನಮ್ಮ ಮುದುಕ ತಾಂಡೇಲ.
ಅವನಿಗೇನು, ಅವಸರವಿಲ್ಲ.
ನನಗೆ ಡಿಸೆಂಬರಿನಲ್ಲಿ ಮಾಲಾದೇವಿ ಮೈದಾನದ ವೇದಿಕೆ,
ಎಂಬತ್ತೈದರ ವರ್ಗ.

ಮೊನ್ನೆ ಮಂಗಳವಾರ ಬಲೆಗೆ ಸಿಕ್ಕ ತೊರಕೆಯೊಂದನ್ನು
ನಾಲ್ಕು ಜನ ಎಳೆತಂದು ತಕ್ಕಡಿಗೆ ಹಾಕಿದರು.
ಮುಳ್ಳು ಓಡಿತು, ಹಿಂದೆ ಬಂತು, ನಡುಗಿತು, ನಿಂತಿತು.
ಸುತ್ತ ಶಿಳ್ಳೆ.
ಎಷ್ಟು? ಪೆನ್ಸಿಲ್ ನೆಕ್ಕಿ ಕೇಳಿದ ಬಸ್ತ್ಯಾಂವ.
ಎಷ್ಟೋ?
ನನಗೆ ಬಾಯಿ ಬರಲಿಲ್ಲ.

'ಹೊಟ್ಟೆ ಬಗೆದು ತೂಗು ಮೊದಲು,' ಮೌಶಿ ಹಿಂದಿನಿಂದ.
ಕತ್ತಿ ಹುಡುಕಿ ಬಗ್ಗಿದೆ.
ತಕ್ಕಡಿಗೊಂದು ಮುಳ್ಳು, ತೊರಕೆಯ ಬಾಲಕ್ಕೊಂದು;
ಸೊಂಟದಲ್ಲಿ ಗುರುವಾರದ ಸೂಜಿಯ ಗಂಟು
ಇನ್ನೂ ಕರಗಿರಲಿಲ್ಲ.