ಕೊಕ್ಕೆ

ಸಂತೆಪೇಟೆಯ ಮೆಟ್ಟಿಲ ಕೆಳಗೆ
ದಾದಾಪೀರನ ಅಂಗಡಿ. ಗಂಟೆಗೆ ಮೂವತ್ತು.
ಪರದೆಯ ನೀಲಿ ಮೋರೆಗೆಲ್ಲ ಮೆತ್ತಿಕೊಂಡು
ನುಂಕೇಶ ಕೂಗುತ್ತಾನೆ:
"ನೋಡಣ್ಣ, ಹೊಸಾದು! ಯಾವ ಗೇಮಲ್ಲೂ ಇರ್ಲಿಲ್ಲ.
ಒಂದು ಬಟನ್ ಒತ್ತಿದ್ರೆ ಕೊಕ್ಕೆ ಹಾರಿ
ಗೋಡೆ ಕಚ್ಚುತ್ತೆ, ಹಗ್ಗ ನಮ್ಮನ್ನೇ ಎಳ್ಕೊಳ್ಳುತ್ತೆ."

ನಗು ಬಂತು.
ಎಂಟಾಣೆ ನುಂಗುವ ಪೆಟ್ಟಿಗೆಯೊಳಗೆ
ನಾಲ್ಕೇ ಚುಕ್ಕಿಯ ಹಗ್ಗ ಹಿಡಿದು
ನಾನೂ ಏರಿದ್ದೆ, ಸಾಲೆ ತಪ್ಪಿಸಿ.
ಅದಕ್ಕೂ ಮೊದಲು ನಮ್ಮಜ್ಜಿಯ ಕತೆಯಲ್ಲಿ
ಉಡದ ಸೊಂಟಕ್ಕೆ ಹಗ್ಗ ಬಿಗಿದು
ಕಳ್ಳನೊಬ್ಬ ಇದೇ ದುರ್ಗದ ಕೋಟೆ ಹತ್ತಿದ್ದ.
ಉಡಕ್ಕೆ ಬಟನ್ ಇರಲಿಲ್ಲ,
ಬಾಲ ಹಿಂಡಬೇಕಿತ್ತು.

ಹೇಳೋಣವೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಅವನ ಗುರಿ ತಪ್ಪಿ
ಕೊಕ್ಕೆ ಹೋಗಿ ಸಿಕ್ಕಿಕೊಂಡಿತು
ಬರೀ ಆಕಾಶಕ್ಕೆ.
ಗೋಡೆಯಿಲ್ಲ, ಬಂಡೆಯಿಲ್ಲ, ಒಂದು ಮೋಡವೂ ಇಲ್ಲ;
ಹಗ್ಗ ಮಾತ್ರ ಬಿಗಿಯಾಗಿ,
ಕೆಳಗೆ ಆ ವೀರ ತೂಗುತ್ತಾ,
ಕಾಲು ಸುಮ್ಮನೆ ಓಡುತ್ತಾ.

"ಥತ್, ಬಗ್ಗು," ಎಂದ ನುಂಕೇಶ,
"ಮುಂದಿನ್ವಾರ ಸರಿ ಮಾಡ್ತಾರೆ ಬಿಡು."

ಮಾಡದಿದ್ದರೆ ಸಾಕು.
ಅಜ್ಜಿಯ ಉಡ ಎಂದೂ
ಏನೂ ಇಲ್ಲದ್ದನ್ನು
ಕಚ್ಚಿ ಹಿಡಿದಿರಲಿಲ್ಲ.