ಎಡಗೈ ಪಕ್ಕದ ಕುರ್ಚಿ

ಕಾರ್ಯಕ್ರಮದ ಹಾಳೆಯಲ್ಲಿ ನನ್ನ ಹೆಸರಿರುವುದಿಲ್ಲ.
ಕಪ್ಪು ಬಟ್ಟೆ, ಸದ್ದಿಲ್ಲದ ಬೂಟು, ಉಂಗುರ ಬೇಡ,
ಅತ್ತರಂತೂ ಬೇಡವೇ ಬೇಡ.
ಅವಳ ಎಡಕ್ಕೆ, ಮೊಳದಷ್ಟು ಹಿಂದೆ ಕುರ್ಚಿ.
ತಲೆಯಾಡಿಸಿದರೆ ಅರ್ಧ ಎದ್ದು
ಪುಟದ ಮೇಲ್ಮೂಲೆ ಹಿಡಿದು ತಿರುವಿ ಕೂರಬೇಕು.
ಕೆಲಸ ಇಷ್ಟೇ. ಕೂಲಿ ನಲವತ್ತು ಯೂರೋ.

ಲಿಯೆಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
ಬಂದರಿನ ಕ್ರೇನುಗಳು ರಾತ್ರಿಯಿಡೀ ನರಳುತ್ತವೆ.
ರಸ್ಮಾ ಟೀಚರ ಮನೆ ಮೂರನೇ ಮಹಡಿ,
ಕಿಟಕಿಯ ಸಂದಿಗೆ ತುರುಕಿದ ಉಣ್ಣೆಯ ಕಾಲುಚೀಲ,
ಪಿಯಾನೋದ ಕುಂಟು ಕಾಲಿಗೆ ಹಳೆಯ ಟೆಲಿಫೋನ್ ಡೈರೆಕ್ಟರಿ ಒತ್ತು.
ದಾರ್ತಾಗೆ ಏಳು, ನನಗೆ ಒಂಬತ್ತು.
ಅವಳ ಪಾಠ ಮುಗಿದರೆ ನನ್ನದು,
ಇನ್ನೂ ಬೆಚ್ಚಗಿರುವ ಅದೇ ಸ್ಟೂಲಿನ ಮೇಲೆ.
ಟೀಚರು ಮಣಿಕಟ್ಟಿನ ಮೇಲೊಂದು ನಾಣ್ಯ ಇಡುವರು: ಬೀಳಬಾರದು.
ನನ್ನದು ಒಂದು ದಿನವೂ ಬೀಳಲಿಲ್ಲ.
ಅವಳದು ದಿನಾ ಬಿದ್ದು ಉರುಳಿ ಕಪಾಟಿನಡಿ ಸೇರುತ್ತಿತ್ತು,
ಟೀಚರು ಬಗ್ಗಿ ಹುಡುಕುತ್ತಲೂ ಇರಲಿಲ್ಲ,
ಕಣ್ಮುಚ್ಚಿ ಕೇಳುತ್ತಿದ್ದರು.
ಆಗಲೇ ತಿಳಿಯಿತು ನನಗೆ.

ಮುಂದಿನದು ಪತ್ರಿಕೆಯಲ್ಲಿ ಬಂದದ್ದೇ:
ಹದಿನಾರಕ್ಕೆ ರೀಗಾ, ಆಮೇಲೆ ಹನೋವರ್,
ಸ್ಪರ್ಧೆಯಲ್ಲಿ ಎರಡನೇ ಬಹುಮಾನ, ಒಬ್ಬ ಏಜೆಂಟು.
ವರ್ಷಕ್ಕೆ ಮೂರು ಕನ್ಚೆರ್ಟೊ ಸಾಕು, ಅಂದನಂತೆ ಅವನು,
ರಖ್ಮಾನಿನೊವ್, ಪ್ರೊಕೊಫಿಯೆವ್, ಇನ್ನೊಂದು ನಿನ್ನಿಷ್ಟ,
ಕೊನೆಯ ಸಾಲಿಗೂ ಬೆವರು ಕಾಣಬೇಕು.
ಲಿಂಜ್, ಗ್ರನಾದಾ, ಒಸಾಕಾ.
ಒಂದೂರಿನ ಪಿಯಾನೋ ಮೈಗಳ್ಳ,
ಇನ್ನೊಂದು ಮುಟ್ಟಿದರೆ ಮುನಿ.
"ವಯೊಲಿನ್‌ನವರು ಸಂಸಾರ ಬಗಲಲ್ಲಿಟ್ಟುಕೊಂಡು ತಿರುಗ್ತಾರೆ ಕಣೇ,
ನನಗೆ ಊರಿಗೊಂದು ಸಂಬಂಧ" –
ಫೋನಿನಲ್ಲಿ ನಗುವಾಗಲೂ ಅವಳ ಬೆರಳು
ಹೋಟೆಲಿನ ಮೇಜು ಕುಟ್ಟುವುದು ಕೇಳುತ್ತಿತ್ತು.

ಫೆಬ್ರವರಿ, ಬ್ರೆಮೆನ್.
ಬಾಖ್‌ನ ಒಂದು ಫ್ಯೂಗ್.
ಮೂರು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಓಣಿ,
ಅದರ ತಿರುವಿನಲ್ಲಿ
ಗೋಡೆ.
ಹಿಂದಕ್ಕೆ ಹೋಗಿ ಮತ್ತೆ ಓಡಿ ಬಂದಳಂತೆ. ಗೋಡೆ.
ಮತ್ತೊಮ್ಮೆ. ಗೋಡೆ.
ಕೊನೆಯ ಸಾಲಿಗೆ ಹಾರಿ ಮುಗಿಸಿದಳು.
ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.
"ಅದನ್ನೇ ತಡಕೊಳ್ಳೋಕಾಗಲಿಲ್ಲ" ಅಂದಳು.

ಇವತ್ತು ಊರಲ್ಲಿ ಶೂಬರ್ಟ್.
ನೋಟು ಮುಂದಿಟ್ಟೇ ನುಡಿಸುತ್ತೇನೆಂದು ಹಟ.
ಇಪ್ಪತ್ತಮೂರಕ್ಕೇ ಪುಸ್ತಕವೇ, ಎಂದು ಏಜೆಂಟಿಗೆ ಮುನಿಸು.
ಪುಸ್ತಕ ನನ್ನದು, ಕಲಿಕೆ ಬಿಟ್ಟ ವರ್ಷ ಕೊಟ್ಟದ್ದು.
ಮೊದಲ ಪುಟದಲ್ಲಿ ನನ್ನ ಹೆಸರಿದೆ, ಹೊಡೆದುಹಾಕಿಲ್ಲ.
ಟೀಚರ ನೀಲಿ ಪೆನ್ಸಿಲು: ಯಾರಟ್ಟಿಸಿಕೊಂಡು ಬರ್ತಿದಾರೆ ನಿನ್ನ?
ಹನೋವರಿನ ಗುರುವಿನ ಇರುವೆಯಂಥ ಅಂಕಿಗಳು.
ಅಂಚಿನಲ್ಲಿ ಯಾವುದೋ ಕೋಣೆ, ೪೧೭.
ಅದರ ಕೆಳಗೆ ಅವಳ ಅಕ್ಷರ: ಉಸಿರು.

ಶುರುವಾಯಿತು.
ಎಡಗೈಯ ತಳದಲ್ಲೊಂದು ನಡುಕ,
ಬಂದರು ಬಿಡುವ ಹಡಗಿನ ಎಂಜಿನು
ಮಲಗಿದವರ ಬೆನ್ನಿಗೆ ಮೊದಲು ತಿಳಿಯುವ ಹಾಗೆ.
ತಲೆಯಾಟ, ಪುಟ. ತಲೆಯಾಟ, ಪುಟ.

ಎರಡನೆಯ ಭಾಗ, ಆ ನಿಧಾನದ್ದು.
ಪುಟದ ಕೊನೆಯ ಸಾಲು ಬಂತು,
ಅರ್ಧ ಎದ್ದು ಮೂಲೆ ಹಿಡಿದೆ.
ತಲೆಯಾಡಲಿಲ್ಲ.
ನೋಡಿದರೆ ಕಣ್ಣು ಮುಚ್ಚಿದೆ,
ಸಾಲು ಮುಗಿಯಿತು, ಅವಳು ಮುಗಿಸಲಿಲ್ಲ,
ಕಾಗದ ದಾಟಿ ಹೋಗುತ್ತಿದ್ದಾಳೆ.
ತಿರುವಿದರೆ ಸರಕ್ಕೆಂದೀತು. ಕೂತರೆ ಕುರ್ಚಿ ಕಿರುಗುಟ್ಟೀತು.
ಬಗ್ಗಿದವಳು ಬಗ್ಗಿದ ಹಾಗೇ,
ತೊಡೆ ನಡುಗುತ್ತ,
ಬೆರಳ ತುದಿಯಲ್ಲಿ ಆ ಹಾಳೆ ಹಿಡಿದು
ಎಷ್ಟು ಹೊತ್ತು ನಿಂತೆನೋ.
ಹೊರಗೆ ಗಾಳಿ ತನ್ನ ಪಾಡಿಗೆ ಬಾಗಿಲು ತಳ್ಳುತ್ತಿತ್ತು.

ಕಣ್ಣು ಬಿಟ್ಟಳು. ಹುಡುಕಿದಳು, ಹಳೆಯ ಪುಟ.
ಎರಡು ಹಾಳೆ ಒಟ್ಟಿಗೆ ತಿರುವಿದೆ.
ಕೂತೆ.
ಮುಂದಿನ ತಲೆಯಾಟ
ಸರಿಯಾದ ಜಾಗದಲ್ಲೇ ಬಂತು.