ಇನ್ನೊಂದೈತಿ, ತಗೊ

ಕ್ಯಾಸಲ್‌ಮೇನಿನಲ್ಲಿ ರೈಲು ಹಳಿ ದಾಟಿದರೆ
ಎಡಕ್ಕೊಂದು ತಗಡಿನ ಶೆಡ್ಡು. ಕ್ಲೆಮ್ ಟ್ರೆಗೆಂಜಾನದು.
ಒಳಗೆ ಮೂವತ್ತನಾಲ್ಕರ ಫೋರ್ಡ್ ಕೂಪೆ,
ಚಕ್ರವಿಲ್ಲ, ನಾಲ್ಕು ಮರದ ದಿಮ್ಮಿಗಳ ಮೇಲೆ,
ಇಟ್ಟಿಗೆ ಪುಡಿಯ ಬಣ್ಣದ ಪ್ರೈಮರ್ ಬಳಿದುಕೊಂಡು.
"ಬರುವ ಈಸ್ಟರಿಗೆ ಓಡಿಸುತ್ತೇನೆ" ಎನ್ನುತ್ತಿದ್ದ.
ಯಾವ ಈಸ್ಟರು ಎಂದು ಯಾರೂ ಕೇಳುತ್ತಿರಲಿಲ್ಲ.

ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನವ,
ಇಲ್ಲಿಯ ಫೌಂಡ್ರಿಗೆ ಫಿಟ್ಟರಾಗಿ ಬಂದವ.
ಅಜ್ಜನ ಕಾಲದ ಕಾರಿನ ತಲೆ ಕೊಯ್ದು, ಕುಳ್ಳಗಾಗಿಸಿ,
ಹೊಟ್ಟೆಗೆ ಹಿಡಿಸದಷ್ಟು ಎಂಜಿನ್ ತುರುಕಿ,
ಹಾಟ್ ರಾಡ್ ಅಂತ ಹೆಸರಿಟ್ಟು
ಭಾನುವಾರವೆಲ್ಲ ಒರೆಸುತ್ತ ಕೂರುವ ಈ ಜನರನ್ನು ಕಂಡು
ಮೊದಮೊದಲು ನಕ್ಕೆ.
ಆಮೇಲೆ ನನಗೂ ಹತ್ತಿತು ಆ ರೋಗ.

ಕಾರ್ಬ್ಯುರೇಟರ್ ಬೇಕೆಂದು ಹೋದ ದಿನ
ಕ್ಲೆಮ್ ನನ್ನ ಬೆಸುಗೆಯ ಮೇಲೆ ಬೆರಳಾಡಿಸಿ
"ಇಲ್ಲಿ ಕೋಳಿ ಕೂರಿಸಿದ್ದೆಯಾ?" ಎಂದ.
ಬೈಯುತ್ತ, ಬೈಯುತ್ತಲೇ,
ತನ್ನ ಎಂಜಿನ್ನಿನ ನೆತ್ತಿಯಿಂದ ಅದನ್ನು ಬಿಚ್ಚತೊಡಗಿದ.
ಬೇಡ, ನಿನ್ನ ಕಾರಿಗೆ ಎಂದೆ.
ಅವನು ಇಂಗ್ಲಿಷಿನಲ್ಲಿ ಏನೋ ಅಂದ,
ನನ್ನ ಕಿವಿಗೆ ಬಿದ್ದದ್ದು ನಮ್ಮ ಓಣಿಯ ಮಾತು:
ಇನ್ನೊಂದೈತಿ, ತಗೊ.

ಮೊರಾಗಳ ಮದುವೆಯ ಹಿಂದಿನ ರಾತ್ರಿ
ಹೆಡ್‌ಲೈಟು ಎರಡೂ ಹೋದವು. ಇನ್ನೊಂದು ಜೋಡಿ ಇದೆಯಂತೆ.
ಹಾರ್ಕೋರ್ಟಿನ ಸೇಬಿನ ತೋಟದ ಹುಡುಗನಿಗೆ ಗೇರ್‌ಬಾಕ್ಸ್.
ಮಾತು ಬಿಟ್ಟಿದ್ದ ತಂಗಿಯ ಗಂಡ ಹಾಸ್ಕಿಂಗನಿಗೆ
ಕೈಯಾರೆ ಕೊಡಲು ಅವನಿಗೂ ಬಿಗುಮಾನ;
ರೇಡಿಯೇಟರನ್ನು ಕತ್ತಲಲ್ಲಿ ಗೇಟಿಗೆ ಒರಗಿಸಿ
ನಾಯಿ ಬೊಗಳುವ ಮೊದಲೇ ಬಂದುಬಿಟ್ಟ.

ಆಯುಧಪೂಜೆಯ ದಿನ
ನನ್ನ ಚಕ್ರಗಳಡಿಯ ನಿಂಬೆಹಣ್ಣು ಕಂಡು ಯಾಕೆ ಎಂದ.
ಹೇಳಿದೆ, ಅರ್ಧ ನನಗೇ ಗೊತ್ತಿಲ್ಲದ್ದು.
"ನನಗೂ ನಾಲ್ಕು ಕೊಡು."
ಚಕ್ರ ಎಲ್ಲಿತ್ತು? ದಿಮ್ಮಿಗಳ ಬುಡದಲ್ಲಿ ಒಂದೊಂದಿಟ್ಟು
ದೂರ ನಿಂತು ನೋಡಿದ, ತಲೆ ಓರೆ ಮಾಡಿ,
ಬಾಗಿಲ ಸಂದು ಸರಿ ಕೂತಿದೆಯೇ ಎಂದು ನೋಡುವವನ ಹಾಗೆ.

ಆಗಸ್ಟಿನಲ್ಲಿ ಹೋದ. ಹುಲ್ಲಿನ ಮೇಲೆ ಬಿಳಿ ಹಿಮ ಇದ್ದ ಬೆಳಗ್ಗೆ.
ತಂಗಿ ಎನಿಡ್ ಕೀಲಿ ಕೊಟ್ಟಳು, ಶೆಡ್ಡು ತೆರೆದೆ.
ಗೋಡೆಯ ಮೇಲೆ ಒಂದೊಂದು ಸ್ಪ್ಯಾನರಿಗೂ
ಬಿಳಿ ಬಣ್ಣದಲ್ಲಿ ಅದರದೇ ಆಕಾರದ ಗೆರೆ ಎಳೆದಿದ್ದ.
ಗೆರೆಗಳಿದ್ದವು.
ಕಪಾಟು, ಕಾಫಿ ಡಬ್ಬಿ, ಬೆಂಚಿನ ಕೆಳಗೆ,
ಆ ಇನ್ನೊಂದು ಕಾರ್ಬ್ಯುರೇಟರಿಗಾಗಿ ಹುಡುಕಿದೆ,
ಮೊಣಕಾಲೂರಿ, ಟಾರ್ಚು ಹಿಡಿದು, ಕಳ್ಳನಂತೆ.
ಇರಲಿಲ್ಲ. ಎಂದೂ ಇದ್ದಂತಿರಲಿಲ್ಲ.
ಎಂಟು ವರ್ಷ ನಾನು ಅವನ ಸುಳ್ಳಿನ ಮೇಲೆ ಕಾರು ಓಡಿಸಿದ್ದೆ.
ದಿಮ್ಮಿಗಳ ಬುಡದಲ್ಲಿ ಮಾತ್ರ
ಒಣಗಿ ಗೋಲಿಯಂತಾದ ನಿಂಬೆ, ಲೆಕ್ಕಕ್ಕೆ ಸರಿಯಾಗಿ ನಾಲ್ಕು.

ಪೆಟ್ಟಿಗೆಯನ್ನು ಹಾಸ್ಕಿಂಗನ ಹಳೆ ಪಿಕಪ್ಪಿನಲ್ಲೇ ಒಯ್ದೆವು.
"ಈ ರೇಡಿಯೇಟರ್ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಕುದ್ದಿಲ್ಲ"
ಎಂದ ಹಾಸ್ಕಿಂಗ್, ಯಾರಿಗೆಂದಲ್ಲ.
ಹಿಂದೆ ನಲವತ್ತು ಕಾರು. ಹಳಿಯ ಗೇಟು ಬಿತ್ತು.
ಬೆಂಡಿಗೋ ರೈಲು ತಡ.
ಯಾರೂ ಎಂಜಿನ್ ಆರಿಸಲಿಲ್ಲ.
ಸಾಲಿನುದ್ದಕ್ಕೂ ಗುಡುಗುಡು, ಕೆಮ್ಮು, ಮತ್ತೆ ಗುಡುಗುಡು;
ಮೊರಾಗ್ ಹಗಲಲ್ಲೇ ಹೆಡ್‌ಲೈಟು ಹಾಕಿದ್ದಳು,
ಸೇಬಿನ ಹುಡುಗ ಗೇರು ಹಾಕಿದ ಸದ್ದು ಇಲ್ಲಿಗೂ ಕೇಳಿಸಿತು.
ದಿಮ್ಮಿಯ ಮೇಲಿನ ಕೂಪೆ
ಬರುವ ಈಸ್ಟರಿಗೂ ಕಾಯದೆ, ಹೀಗೆ,
ಕಾಲು ಮೈಲಿ ಉದ್ದಕ್ಕೆ ಚಾಲೂ ಆಗಿ ನಿಂತಿತ್ತು.

ಗೇಟು ಎದ್ದಾಗಲೇ ನೆನಪಾದದ್ದು,
ಪಿಕಪ್ಪಿನ ಚಕ್ರಕ್ಕೆ ಇಡಬೇಕೆಂದುಕೊಂಡ ನಿಂಬೆ
ಇನ್ನೂ ನನ್ನ ಜೇಬಿನಲ್ಲೇ.
ಕಿಟಕಿ ಇಳಿಸಿ ಮುಂದಕ್ಕೆ ಎಸೆದೆ: ಒಂದು ಚರಂಡಿಗೆ ಹೋಯಿತು,
ಒಂದು ಹಳಿಗೆ ಬಡಿದು ಪುಟಿಯಿತು,
ಒಂದು, ಯಾರದೋ ಟೈರಿನಡಿ, ಚಟ್ ಎಂದಿತು.

ಮೂರೇ ಎಸೆದದ್ದು.
ಇನ್ನೊಂದೈತಿ.